ಪ್ರತಿಕ್ರಿಯೆ: ಅಡಚಣೆ ಬಿಡಿಸಿದಾಗ ಸಿರಿಂಜ್ ಪಂಪ್‌ನಿಂದ ದ್ರವ ಚಿಮ್ಮುವುದು
ಕೊಳವೆಯ ಮಡಿಕೆ ಬಿಡಿಸಿದೊಡನೆ ನಿಮ್ಮ ಪ್ರಾಜೆಕ್ಟಿನ ಸಿರಿಂಜ್ ಪಂಪ್ (ಮೋಟಾರಿನಿಂದ ಸಿರಿಂಜನ್ನು ನಿಧಾನವಾಗಿ ಒತ್ತಿ ರೋಗಿಗೆ ಔಷಧಿ ಕೊಡುವ ಯಂತ್ರ) ದ್ರವ ಚಿಮ್ಮುತ್ತಿರುವುದಕ್ಕೆ ಕಾರಣ ಬಹುಮಟ್ಟಿಗೆ ನೀವು ಶಂಕಿಸಿರುವ ಕೋಡ್ ಅಲ್ಲ, ಒಳಗೆ ಸೇರಿಕೊಂಡ ಒತ್ತಡ. ಹರಿವು ಕಟ್ಟಿದರೂ ಮೋಟಾರ್ ತಳ್ಳುತ್ತಲೇ ಇರುತ್ತದೆ. ಪ್ಲಂಜರ್‌ನ (ಸಿರಿಂಜಿನೊಳಗೆ ದ್ರವವನ್ನು ತಳ್ಳುವ ದಂಡದ) ರಬ್ಬರ್ ತುದಿ ಅದುಮಿಕೊಳ್ಳುತ್ತದೆ, ಕೊಳವೆ ಉಬ್ಬುತ್ತದೆ. ದಾರಿ ತೆರೆದಾಗ ಅದೆಲ್ಲ ಒಮ್ಮೆಲೇ ಹೊರಬೀಳುತ್ತದೆ. ರಕ್ತದೊತ್ತಡ ಏರಿಸುವ ಔಷಧಿಯಾದರೆ ಅಷ್ಟೇ ಸಾಕು ಅನಾಹುತಕ್ಕೆ.

ಮೊದಲು ಅಳೆಯಿರಿ. ಚಿಮ್ಮಿದ ನೀರನ್ನು 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ಹಿಡಿಯಿರಿ. ಒಂದು ಗ್ರಾಂ ಎಂದರೆ ಸುಮಾರು ಒಂದು ಮಿಲಿ. ಬಳಿಕ ಗುಳ್ಳೆಗಳನ್ನು ಪೂರ್ತಿ ಹೊರಹಾಕಿ, 50 ಮಿಲಿಯ ಬದಲು 20 ಮಿಲಿ ಸಿರಿಂಜ್, ಗಟ್ಟಿ ಗೋಡೆಯ ಗಿಡ್ಡ ಕೊಳವೆ ಹಾಕಿ ಮತ್ತೆ ಅಳೆಯಿರಿ. ಸಿರಿಂಜ್ ಕಿರಿದಾದರೆ ಅದೇ ಬಲಕ್ಕೆ ಒತ್ತಡ ಹೆಚ್ಚು, ಆದ್ದರಿಂದ ಅಡಚಣೆಯನ್ನು ತಿಳಿಸುವ ಅಲಾರಂ ಯಾವ ಬಲಕ್ಕೆ ಕೂಗಬೇಕೆಂಬ ಮಿತಿಯನ್ನು ಹೊಸದಾಗಿ ಲೆಕ್ಕ ಹಾಕಿ. ವಿಪರೀತ ತಗ್ಗಿಸಬೇಡಿ; ಸಪೂರ ಸೂಜಿಗೂ ಕೂಗುವ ಅಲಾರಮಿನ ಬಾಯಿ ಮುಚ್ಚಿಸುವುದನ್ನು ದಾದಿಯರು ಬೇಗ ಕಲಿಯುತ್ತಾರೆ.

ಆಮೇಲೆ ಕೋಡ್. ಅಲಾರಂ ಬಂದೊಡನೆ ಮೋಟಾರನ್ನು ಹಿಂದಕ್ಕೆ ತಿರುಗಿಸಿ, ಪ್ಲಂಜರ್ ಮೇಲಿನ ಬಲ ಅಳೆಯುವ ಸೆನ್ಸರ್ ಅಡಚಣೆಗೆ ಮುಂಚಿನ ಅಂಕಿಗೆ ಮರಳಿದಾಗ ನಿಲ್ಲಿಸಿ. ಸೆನ್ಸರ್ ಪ್ಲಂಜರ್‌ನ ಹಿಂದಿದ್ದರೆ ರಬ್ಬರಿನ ಘರ್ಷಣೆ ಅಂಕಿಯನ್ನು ಕೆಡಿಸಬಹುದು. ಹಾಗಾಗಿ ಹಿಂದೆಗೆತ ನೀವು ತೂಗಿದ ಪ್ರಮಾಣವನ್ನು ಮೀರದಿರಲಿ, ಇಲ್ಲವಾದರೆ ರಕ್ತ ಕೊಳವೆಗೆ ಬರುತ್ತದೆ. ಪ್ಲಂಜರನ್ನು ಸರಿಸುವ ಸ್ಕ್ರೂನಲ್ಲಿರುವ ಸಡಿಲವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗಂಟೆಗೆ 1 ಮಿಲಿ ವೇಗದಲ್ಲೂ ಪರೀಕ್ಷಿಸಿ: 0.5 ಮಿಲಿ ಸೇರಿದ ಮೇಲೆ ಕೂಗುವ ಅಲಾರಂ ಅಲ್ಲಿ ಅರ್ಧ ಗಂಟೆ ಸುಮ್ಮನಿರುತ್ತದೆ. ಪರೀಕ್ಷೆಯ ಕ್ರಮಕ್ಕೆ ಇಂಥ ಪಂಪ್‌ಗಳ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60601-2-24 ನೋಡಿ.