ಹಾನ್ ಪಾತ್ರ ಮಾಡಿದ ನಟ ಯಾರು?

ಪ್ರಿಯ ಓದುಗರೇ,

ಬ್ರೂಸ್ ಲೀ ಅವರ ‘ಎಂಟರ್ ದಿ ಡ್ರ್ಯಾಗನ್’ ಚಿತ್ರದಲ್ಲಿ ಖಳನಾಯಕ ಹಾನ್ ಆಗಿದ್ದವರಿಗೆ ನಿಜವಾಗಿ ಕುಂಗ್‌ಫೂ ಬರುತ್ತಿತ್ತಾ, ಇಲ್ಲ ಸುಮ್ನೆ ಕೈಗೆ ಕಬ್ಬಿಣದ ಪಂಜ ಕಟ್ಟಿ ನಿಲ್ಲಿಸಿದ್ದರಾ ಎಂದು ಕೇಳಿದ್ದೀರಿ. ಬಹಳ ಚೆನ್ನಾಗಿ ಬರುತ್ತಿತ್ತು. ಅವರ ಹೆಸರು ಶಿ ಕಿಯೆನ್. ಹಾಂಗ್‌ಕಾಂಗ್ ಜನ ಶೆಕ್ ಕಿನ್ ಎನ್ನುತ್ತಾರೆ.

ಹುಟ್ಟಿದ್ದು 1913ರಲ್ಲಿ. ಚಿಕ್ಕಂದಿನಲ್ಲಿ ಮೈಯಲ್ಲಿ ಶಕ್ತಿ ಇರಲಿಲ್ಲ, ಆರೋಗ್ಯ ಸುಧಾರಿಸಲಿ ಅಂತ ಕಲಿಯಲು ಶುರು ಮಾಡಿದ್ದೇ ಕುಂಗ್‌ಫೂ. ಹದ್ದಿನುಗುರು ಶೈಲಿಯಲ್ಲಿ ಬೇರೆಯವರಿಗೆ ಕಲಿಸುವಷ್ಟು ಪಳಗಿದರು.

1949ರಲ್ಲಿ ವಾಂಗ್ ಫೇ ಹಂಗ್ ಎಂಬ ಕುಂಗ್‌ಫೂ ಗುರುವಿನ ಕಥೆಗಳ ಕಪ್ಪು ಬಿಳುಪು ಸರಣಿ ಶುರುವಾಯಿತು. ನಾಯಕ ಕ್ವಾನ್ ಟಾಕ್ ಹಿಂಗ್. ಎದುರಿಗೆ ಕೇಡಿಯಾಗಿ ಹೆಚ್ಚಾಗಿ ಶಿ ಕಿಯೆನ್ ಅವರೇ. 1956 ಒಂದೇ ವರ್ಷ ಈ ಸರಣಿಯಲ್ಲಿ 25 ಚಿತ್ರ ಬಂದವು, ಅಂದರೆ ಹೆಚ್ಚುಕಮ್ಮಿ ಎರಡು ವಾರಕ್ಕೊಂದು! ಈ ಸರಣಿಗೂ ಮೊದಲು ಹಾಂಗ್‌ಕಾಂಗ್ ಸಿನಿಮಾ ಹೊಡೆದಾಟ ಎಂದರೆ ರಂಗದ ಮೇಲಿನ ಕುಣಿತದಂತೆ ಇರುತ್ತಿತ್ತು. ನಿಜವಾದ ಪಟ್ಟುಗಳು ತೆರೆಗೆ ಬಂದದ್ದು ಈ ಸರಣಿಯಿಂದ. ಅದರ ಶ್ರೇಯಸ್ಸನ್ನೆಲ್ಲ ನಾಯಕನಿಗೇ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಏಟು ತಿನ್ನುವವನಿಗೂ ಅಷ್ಟೇ ವಿದ್ಯೆ ಬೇಕು, ಅಲ್ವಾ? ಒಂದು ಕ್ಷಣ ಮೊದಲೇ ಬಿದ್ದರೆ ಏಟು ಸುಳ್ಳು ಅಂತ ಗೊತ್ತಾಗುತ್ತದೆ. ತಡವಾದರೆ ಮೂಗು ಒಡೆಯುತ್ತದೆ. ಸೋಲುವುದಕ್ಕೂ ಲೆಕ್ಕವಿದೆ. ಆ ಲೆಕ್ಕ ಇವರಿಗೆ ಕರಗತವಾಗಿತ್ತು. ಊರಿನವರು ಪ್ರೀತಿಯಿಂದಲೇ ‘ಕೇಡಿ ಕಿನ್’ ಎಂದು ಕರೆದರು.

ಇಷ್ಟೆಲ್ಲ ಪಳಗಿದ ಮೇಲೆ, 1973ರಲ್ಲಿ, ಹಾನ್ ಪಾತ್ರ. ತೆರೆಯ ಮೇಲೆ ಕೇಳುವ ಇಂಗ್ಲಿಷ್ ದನಿ ಅವರದಲ್ಲ, ಕೀ ಲ್ಯೂಕ್ ಎಂಬ ನಟನದು. ಆದರೆ ಮೈ ಅವರದೇ. ಬ್ರೂಸ್ ಲೀಗೆ ಆಗ 32, ಇವರಿಗೆ 60. ಕೊನೆಯ ಕಾಳಗವನ್ನು ಇನ್ನೊಮ್ಮೆ ನೋಡಿ. ಹಾನ್ ಎಸೆದ ಈಟಿ ಗುರಿ ತಪ್ಪಿ, ತಿರುಗುವ ಬಾಗಿಲಿಗೆ ನಾಟಿಕೊಳ್ಳುತ್ತದೆ. ಆಮೇಲೆ ಕನ್ನಡಿ ಕೋಣೆ. ಯಾವುದು ಆಳು, ಯಾವುದು ಬಿಂಬ ತಿಳಿಯದೆ ಲೀ ಕನ್ನಡಿಗಳನ್ನೇ ಒಡೆಯುತ್ತಾ ಹೋಗುತ್ತಾರೆ. ಕಡೆಗೆ ಒಂದು ಒದೆತಕ್ಕೆ ಹಾನ್ ತಾನೇ ಎಸೆದ ಈಟಿಗೆ ಸಿಕ್ಕಿಕೊಳ್ಳುತ್ತಾನೆ. ಅಷ್ಟೂ ಹೊತ್ತು ಲೀ ಸೋಲಬಹುದೇನೋ ಎಂದು ನಮಗೆ ಅನಿಸುವುದು ಈ ಹಿರಿಯರ ನಿಲುವಿನಿಂದ, ಆ ತಣ್ಣನೆಯ ಕಣ್ಣಿನಿಂದ.

1980ರಲ್ಲಿ ಜಾಕಿ ಚಾನ್ ಅವರ ‘ದಿ ಯಂಗ್ ಮಾಸ್ಟರ್’ ಚಿತ್ರದಲ್ಲಿ ವಯಸ್ಸಾದ ಪೊಲೀಸ್ ಅಧಿಕಾರಿಯಾಗಿ ನಗಿಸಿದರು. ಕೇಡಿ ಪಾತ್ರ ಮಾತ್ರ ಗೊತ್ತಿದ್ದವರು ಅದನ್ನು ನೋಡಲೇಬೇಕು.

2003ರಲ್ಲಿ ಹಾಂಗ್‌ಕಾಂಗ್ ಚಿತ್ರರಂಗ ಅವರ ಜೀವಮಾನದ ದುಡಿಮೆಗೆ ಪ್ರಶಸ್ತಿ ಕೊಟ್ಟಿತು. 2009ರಲ್ಲಿ, 96ರ ವಯಸ್ಸಿನಲ್ಲಿ ತೀರಿಕೊಂಡರು. ಪೋಷಕ ನಟರ ಬಗ್ಗೆ ಇಂಥ ಪ್ರಶ್ನೆ ಬರುವುದೇ ಕಡಿಮೆ. ಕೇಳಿದ್ದಕ್ಕೆ ಥ್ಯಾಂಕ್ಸ್, ಇನ್ನೂ ಇದ್ದರೆ ಬರೆಯಿರಿ.

— ಸಂಪಾದಕ