ಸ್ಟಾಫ್ ನೊಟೇಶನ್ ಓದಲು ಬಾರದವರು ಹ್ಯಾಂಡೆಲ್‌ನ ‘ಮೆಸ್ಸಾಯ’ ಹಾಡಬಹುದೇ?

ಧಾರಾಳವಾಗಿ ಹಾಡಬಹುದು. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತಿದ್ದೇನೆ, ಈಗ ಇಂಗ್ಲೆಂಡಿನಲ್ಲಿದ್ದೇನೆ, ಊರಿನ ಚರ್ಚಿನಲ್ಲಿ ವೃತ್ತಿಪರ ಗಾಯಕರು ಮತ್ತು ವಾದ್ಯವೃಂದದ ಜೊತೆ ವಾರಾಂತ್ಯದಲ್ಲಿ ‘ಮೆಸ್ಸಾಯ’ (ಸಮೂಹಗಾಯಕರು, ಏಕಗಾಯಕರು, ವಾದ್ಯವೃಂದ ಸೇರಿ ಹಾಡುವ, ಹ್ಯಾಂಡೆಲ್ ಎಂಬ ಸಂಗೀತಕಾರನ ದೊಡ್ಡ ಕೃತಿ) ಹಾಡಲು ಎಲ್ಲರನ್ನೂ ಕರೆದಿದ್ದಾರೆ, ನೊಟೇಶನ್ ಬಾರದ ನಾನು ಹೋಗಬಹುದೇ ಎಂದು ಕೇಳಿದ್ದೀರಿ. ನಾನೂ ಮೈಸೂರಿನಲ್ಲಿ ವರ್ಣಗಳವರೆಗೆ ಪಾಠವಾಗಿ ಇಲ್ಲಿಗೆ ಬಂದವಳು. ಇಂಥ ಕಾರ್ಯಕ್ರಮಗಳಲ್ಲಿ ಆಲ್ಟೋ, ಅಂದರೆ ಹೆಂಗಸರ ತಗ್ಗುಧ್ವನಿಯ ಗುಂಪಿನಲ್ಲಿ ಹಾಡುತ್ತೇನೆ.

ಮೊದಲು ಸಂಕೋಚ ಬಿಡಿ. ಈ ದೇಶದಲ್ಲಿ ಆ ಕೃತಿಯನ್ನು ಬದುಕಿಸಿಕೊಂಡು ಬಂದವರೇ ಹವ್ಯಾಸಿಗಳು. ಉತ್ತರ ಇಂಗ್ಲೆಂಡಿನ ಹವ್ಯಾಸಿ ಗಾಯಕರ ಸಂಘವಾದ ಹಡರ್ಸ್‌ಫೀಲ್ಡ್ ಕೋರಲ್ ಸೊಸೈಟಿ ಹುಟ್ಟಿದ್ದು 1836ರಲ್ಲಿ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಯಾರು ಬೇಕಾದರೂ ಬಂದು ಹಾಡುವ ‘ಮೆಸ್ಸಾಯ’ 1974ರಲ್ಲಿ ಶುರುವಾಯಿತು. 19ನೇ ಶತಮಾನದಲ್ಲಿ ಜಾನ್ ಕರ್ವೆನ್ ಮನೆಮನೆಗೆ ಮುಟ್ಟಿಸಿದ, ಸ್ವರಗಳನ್ನು ‘ಡೊ, ರೆ, ಮಿ’ ಎಂದು ಅಕ್ಷರಗಳಲ್ಲಿ ಬರೆಯುವ ಟಾನಿಕ್ ಸೋಲ್‌ಫಾ ಪದ್ಧತಿಯಿಂದ, ಐದು ಗೆರೆಗಳ ನೊಟೇಶನ್ ಓದಲಾಗದ ಕಾರ್ಮಿಕರೂ ದೊಡ್ಡ ದೊಡ್ಡ ಕೃತಿಗಳನ್ನು ಹಾಡಿದರು. ಅದರಲ್ಲಿ ‘ಡೊ’ ನಮ್ಮ ಷಡ್ಜದ ಹಾಗೆಯೇ, ಶ್ರುತಿ ಎಲ್ಲಿದೆಯೋ ಅಲ್ಲಿಗೆ ಹೋಗುತ್ತದೆ. ಅಂದರೆ ಅವರಿಗೆ ಸಿಕ್ಕ ಊರುಗೋಲು ನಿಮ್ಮ ಕೈಯಲ್ಲಿ ಆಗಲೇ ಇದೆ. ನಿಮ್ಮ ಭಾಗವನ್ನು ಸರಿಗಮದಲ್ಲಿ ಬರೆದುಕೊಳ್ಳಿ.

ನಿಜವಾಗಿ ಕಷ್ಟವಾಗುವುದು ಬೇರೊಂದು. ಗುರುಗಳು ಹಾಡಿದ್ದನ್ನು ಹಾಡಿ, ಪಕ್ಕದವರ ಸ್ವರಕ್ಕೆ ಸ್ವರ ಸೇರಿಸಿ ಬೆಳೆದ ಕಿವಿ ನಮ್ಮದು. ಇಲ್ಲಿ ಹಿಂದಿನ ಸಾಲಿನ ಟೆನರ್‌ಗಳು (ಗಂಡಸರ ಎತ್ತರದ ಧ್ವನಿಯವರು) ಒಂದು ಹಾಡುತ್ತಿರುತ್ತಾರೆ, ಪಕ್ಕದ ಸೊಪ್ರಾನೋಗಳು (ಹೆಂಗಸರ ಎತ್ತರದ ಧ್ವನಿಯವರು) ಇನ್ನೊಂದು, ತಂಬೂರಿಯಂತೂ ಇಲ್ಲ. ಆ ನಡುವೆ ನಿಮ್ಮ ಸಾಲನ್ನು ಬಿಡದೆ ಹಿಡಿದಿರಬೇಕು. ಪ್ರತಿಯೊಂದು ಭಾಗವನ್ನೂ ಬಿಡಿಸಿ ಹಾಡಿದ ಅಭ್ಯಾಸದ ಧ್ವನಿಮುದ್ರಣಗಳು ಅಂತರ್ಜಾಲದಲ್ಲಿ ಸಿಗುತ್ತವೆ. ನಿಮ್ಮ ಭಾಗ ಬಾಯಿಗೆ ಬಂದ ಮೇಲೆ ಅದನ್ನು ಕೇಳುವುದನ್ನು ನಿಲ್ಲಿಸಿ, ಬೇರೆ ಭಾಗವನ್ನು ಹಾಕಿಕೊಂಡು ಅದರ ಎದುರು ನಿಮ್ಮದನ್ನು ಹಾಡಿ. ಇದಕ್ಕಿಂತ ಉಪಯೋಗವಾದ ಸಾಧನೆ ನನಗೆ ಇನ್ನೊಂದಿಲ್ಲ.

ನಮ್ಮ ಪಾಠ ಕೈಹಿಡಿಯುವ ಜಾಗವೂ ಇದೆ. ‘ಫಾರ್ ಅಂಟು ಅಸ್’ ಭಾಗದಲ್ಲಿ ‘ಬಾರ್ನ್’ ಎಂಬ ಒಂದೇ ಪದದ ಮೇಲೆ ಸ್ವರಗಳ ಉದ್ದನೆಯ ಸರಮಾಲೆ ಬರುತ್ತದೆ. ಹ್ಯಾಂಡೆಲ್ ಆ ಸಂಗೀತವನ್ನು 1741ರಲ್ಲಿ ತಾನೇ ರಚಿಸಿದ್ದ, ಇಬ್ಬರು ಗಾಯಕರ ಇಟಾಲಿಯನ್ ಯುಗಳಗೀತೆಯೊಂದರಿಂದ ತೆಗೆದುಕೊಂಡ. ಆದ್ದರಿಂದಲೇ ನೂರು ಜನರ ಬಾಯಲ್ಲಿ ಅದು ಬೇಗ ಕಲಸಿಹೋಗುತ್ತದೆ. ಸ್ವರಗಳನ್ನು ‘ಅ’ ಎಂದೇ ಎರಡು ವೇಗಗಳಲ್ಲಿ ಹಾಡುವ ಅಕಾರ ಸಾಧಿಸಿದವರಿಗೆ ಅದು ಸಲೀಸು. ಗಮಕ ಮಾತ್ರ ಕೂಡದು; ಪ್ರತಿ ಸ್ವರವೂ ಅಲುಗಾಡದೆ ನಿಲ್ಲಬೇಕು.

ಸಾಮಾನ್ಯವಾಗಿ ಶನಿವಾರ ಪಿಯಾನೋ ಜೊತೆ ಅಭ್ಯಾಸ, ಭಾನುವಾರ ಮಧ್ಯಾಹ್ನ ವಾದ್ಯವೃಂದದ ಜೊತೆ ಒಂದು ಸುತ್ತು, ಸಂಜೆ ಕಛೇರಿ. ಯಾವ ಆವೃತ್ತಿಯ ಪುಸ್ತಕ ಎಂದು ಮೊದಲೇ ಕೇಳಿಕೊಳ್ಳಿ, ಏಕೆಂದರೆ ನಿರ್ದೇಶಕರು ಪುಟ ಸಂಖ್ಯೆಯನ್ನೇ ಕೂಗುತ್ತಾರೆ. ಪೆನ್ಸಿಲ್ ಬೇಕೇ ಬೇಕು. ‘ಹಲ್ಲೆಲೂಯಾ’ದ ಕೊನೆಯ ಸಾಲಿಗೆ ಮೊದಲು ಎಲ್ಲರೂ ಒಮ್ಮೆಲೇ ನಿಲ್ಲುವ ಮೌನವೊಂದಿದೆ, ಹುರುಪಿನಲ್ಲಿ ಅಲ್ಲಿ ಯಾರಾದರೊಬ್ಬರು ಹಾಡಿಬಿಡುವುದುಂಟು. ಅದರ ಮೇಲೆ ದೊಡ್ಡದೊಂದು ವೃತ್ತ ಎಳೆದುಕೊಳ್ಳಿ. ವೃತ್ತಿಪರರ ಬಗ್ಗೆ ಹೆದರಿಕೆ ಬೇಡ. ನಾಲ್ವರು ಏಕಗಾಯಕರು ತಮ್ಮ ಭಾಗ ಮುಗಿಸಿ ಕುಳಿತಾಗ ನಿಮ್ಮನ್ನು ಕೇಳುತ್ತಿರುತ್ತಾರೆ, ಮತ್ತು ವಾದ್ಯವೃಂದ ಸಮೂಹವನ್ನು ಎಷ್ಟು ಗಟ್ಟಿಯಾಗಿ ಹೊತ್ತೊಯ್ಯುತ್ತದೆ ಎಂಬುದು ಮೊದಲ ಸಲ ಎದೆಗೆ ತಾಗಿದಾಗ ನನಗೆ ಕಣ್ಣು ತುಂಬಿತ್ತು.

ಹೆಸರು ಕೊಡುವಾಗ ಯಾವ ಗುಂಪು ಎಂದು ಕೇಳುತ್ತಾರೆ. ಮಧ್ಯಮವನ್ನೇ ಷಡ್ಜವಾಗಿಟ್ಟು ಎತ್ತರದಲ್ಲಿ ಹಾಡುವ ಮಧ್ಯಮ ಶ್ರುತಿಯಲ್ಲಿ ಹಾಡಿದವರೇ ಆದರೆ ಸೊಪ್ರಾನೋ ಪ್ರಯತ್ನಿಸಬಹುದು. ನಾನಂತೂ ಆಲ್ಟೋ ಎನ್ನುತ್ತೇನೆ: ಇಡೀ ಕೃತಿಯ ಮೊದಲ ಸಮೂಹಗಾನವನ್ನು ಬೇರೆ ಗುಂಪುಗಳಿಗಿಂತ ಮೊದಲು ತಾವಷ್ಟೇ ಎತ್ತಿಕೊಳ್ಳುವವರು ಆಲ್ಟೋಗಳು. ಗಂಡುಧ್ವನಿಯಾದರೆ ಬಾಸ್ (ಗಂಡಸರ ತಗ್ಗುಧ್ವನಿ) ಎಂದು ಬರೆಸಿ. ಕಟ್ಟಕಡೆಯ ‘ಆಮೆನ್’ ಅನ್ನು ಆರಂಭಿಸುವುದು ಅವರ ಪಾಲು.