ಅಡುಗೆಮನೆ ಪ್ರಶ್ನೋತ್ತರ: ಈಸ್ಟರ್‌ಗೆ ರಮ್ ಹಾಕಿದ ಮಾರ್ಷ್‌ಮ್ಯಾಲೋ

ಪ್ರಶ್ನೆ: ಈ ಸಲದ ಈಸ್ಟರ್‌ಗೆ ಮನೆಯಲ್ಲೇ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ನೊರೆ ಮಿಠಾಯಿ ಮಾಡಿ, ಅದಕ್ಕೆ ಸ್ವಲ್ಪ ರಮ್ ಮತ್ತು ನಮ್ಮ ತೋಟದ ಕಾಫಿಯ ಡಿಕಾಕ್ಷನ್ ಸೇರಿಸಿ, ಹಬ್ಬದ ಊಟಕ್ಕೆ ಬರುವ ದೊಡ್ಡವರಿಗೆ ಕೊಡಬೇಕೆಂದಿದ್ದೇನೆ. ಮಂಗಳೂರಿನಲ್ಲಿರುವ ನಾದಿನಿ ರಮ್ ಹಾಕದೆ ಮಾಡುತ್ತಾರೆ. ಅವರ ಅಳತೆಯನ್ನೇ ಇಟ್ಟುಕೊಂಡು ಕಳೆದ ವಾರ ಒಮ್ಮೆ ಮಾಡಿ ನೋಡಿದೆ. ಪಾಕ ಕುದಿಯುತ್ತಿರುವಾಗಲೇ ರಮ್ ಸುರಿದು, ಥರ್ಮಾಮೀಟರ್ 115 ಡಿಗ್ರಿ ತೋರಿಸಿದ ಮೇಲೆ ಇಳಿಸಿದೆ. ಅವರ ಮನೆಯಲ್ಲಿ ಹತ್ತಿಯಂತೆ ಬರುವ ಮಾರ್ಷ್‌ಮ್ಯಾಲೋ ನನ್ನ ಕೈಯಲ್ಲಿ ರಬ್ಬರ್ ಚಪ್ಪಲಿಯಂತಾಯಿತು. ರಮ್ಮಿನ ವಾಸನೆ ಅಡುಗೆಮನೆಯ ತುಂಬ ಇತ್ತು, ತಿನಿಸಿನಲ್ಲಿ ಮಾತ್ರ ಇರಲಿಲ್ಲ. ತಪ್ಪಿದ್ದೆಲ್ಲಿ, ದಯವಿಟ್ಟು ತಿಳಿಸಿ.
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ತಪ್ಪು ಎರಡಿವೆ. ಒಂದು ನಿಮ್ಮದು, ಇನ್ನೊಂದು ನಿಮ್ಮ ಊರಿನದು. ಊರಿನದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದನ್ನು ಯಾವ ಪಾಕವಿಧಾನದ ಪುಸ್ತಕವೂ ನಿಮಗೆ ಹೇಳಿರುವುದಿಲ್ಲ.

ಮಂಗಳೂರು ಕಡಲ ಮಟ್ಟದಲ್ಲಿದೆ. ಅಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮೇಲೇರಿದ ಪ್ರತಿ 300 ಮೀಟರಿಗೆ ನೀರಿನ ಕುದಿಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುವುದರಿಂದ, ನಿಮ್ಮ ಒಲೆಯ ಮೇಲಿನ ನೀರು 96 ಡಿಗ್ರಿ ದಾಟುತ್ತಿದ್ದಂತೆಯೇ ಮರಳತೊಡಗುತ್ತದೆ. ಸಕ್ಕರೆ ಪಾಕದ ಉಷ್ಣತೆ ಎನ್ನುವುದು ಅದರಲ್ಲಿ ಇನ್ನೂ ಎಷ್ಟು ನೀರು ಉಳಿದಿದೆ ಎಂಬುದರ ಲೆಕ್ಕವೇ ಹೊರತು ಬೇರೇನಲ್ಲ. ಹಾಗಾಗಿ ನಾದಿನಿಯವರ 115 ಡಿಗ್ರಿಯ ಪಾಕಕ್ಕೆ ಸಮನಾದ ಪಾಕ ನಿಮ್ಮಲ್ಲಿ 111 ಅಥವಾ 112 ಡಿಗ್ರಿಗೇ ಸಿದ್ಧವಾಗಿರುತ್ತದೆ. ನೀವು 115ರವರೆಗೆ ಕಾದಿದ್ದರಿಂದ, ಅವರು 118 ದಾಟಿಸಿ ಕಾಯಿಸಿದರೆ ಎಷ್ಟು ನೀರು ಆರುತ್ತಿತ್ತೋ ಅಷ್ಟು ನಿಮ್ಮ ಪಾತ್ರೆಯಲ್ಲಿ ಆರಿಹೋಯಿತು. ರಬ್ಬರಾಗಿದ್ದಕ್ಕೆ ಇದೇ ಕಾರಣ. ಇನ್ನು ಮುಂದೆ ಪಾಕ ಮಾಡುವ ಮೊದಲು ಬರಿಯ ನೀರನ್ನು ಚೆನ್ನಾಗಿ ಕುದಿಸಿ ಥರ್ಮಾಮೀಟರನ್ನು ಅದರಲ್ಲಿ ಅದ್ದಿ ನೋಡಿ. ನೂರಕ್ಕೆ ಎಷ್ಟು ಕಡಿಮೆ ತೋರಿಸುತ್ತದೋ ಅಷ್ಟನ್ನು ಪಾಕದ ಅಂಕಿಯಿಂದ ಕಳೆಯಿರಿ. ಥರ್ಮಾಮೀಟರಿನ ದೋಷವೇನಾದರೂ ಇದ್ದರೆ ಅದೂ ಈ ಲೆಕ್ಕದಲ್ಲೇ ಸರಿಹೋಗುತ್ತದೆ.

ಥರ್ಮಾಮೀಟರೇ ಬೇಡವೆನ್ನುವವರು ಕಜ್ಜಾಯದ ಪಾಕ ನೋಡುವ ಹಾಗೆ ನೋಡಬಹುದು. ಒಂದು ಬಟ್ಟಲು ತಣ್ಣೀರಿಗೆ ಪಾಕದ ಹನಿ ಬಿಟ್ಟಾಗ ಅದು ಕರಗಿ ಹರಡದೆ, ಬೆರಳಿನಲ್ಲಿ ಕೂಡಿಸಿದರೆ ಮೆತ್ತನೆಯ ಉಂಡೆಯಾಗಿ, ನೀರಿನಿಂದ ಮೇಲೆತ್ತಿದ ಕೂಡಲೇ ಬೆರಳ ಮೇಲೆ ಸಡಿಲವಾಗಿ ಚಪ್ಪಟೆಯಾಗಬೇಕು. ಈ ಪರೀಕ್ಷೆಗೆ ಮಂಗಳೂರೂ ಒಂದೇ, ಮುಳ್ಳಯ್ಯನಗಿರಿಯೂ ಒಂದೇ.

ಎರಡನೆಯ ತಪ್ಪು ರಮ್ ಸುರಿದ ಹೊತ್ತು. ಆಲ್ಕೋಹಾಲ್ ಕುದಿಯುವುದು 78 ಡಿಗ್ರಿಯ ಆಸುಪಾಸಿನಲ್ಲಿ. ನೂರು ದಾಟಿದ ಪಾಕಕ್ಕೆ ರಮ್ ಹಾಕಿದರೆ ಅದರ ಆಲ್ಕೋಹಾಲೂ ಪರಿಮಳವೂ ಕೂಡಿ ಹಬೆಯಾಗಿ ಹೋಗುತ್ತವೆ. ನಿಮ್ಮ ಅಡುಗೆಮನೆಯ ತುಂಬ ಇದ್ದದ್ದು ಅದೇ. ಅಪಾಯದ ಮಾತೂ ಇದೆ. ಶೇ. 40ರ ಆಸುಪಾಸಿನ ಮದ್ಯದಿಂದ ಏಳುವ ಆವಿಗೆ ಸುಮಾರು 26 ಡಿಗ್ರಿಯಲ್ಲೇ ಬೆಂಕಿ ಹತ್ತಬಹುದು, ಅಂದರೆ ಮಲೆನಾಡಿನ ಬೇಸಿಗೆಯ ಮಧ್ಯಾಹ್ನದ ಸೆಖೆಯೇ ಅದಕ್ಕೆ ಸಾಕು. ಉರಿಯುತ್ತಿರುವ ಗ್ಯಾಸಿನ ಪಕ್ಕದಲ್ಲಿ ಬಾಟಲಿ ಬಗ್ಗಿಸುವುದನ್ನು ದಯವಿಟ್ಟು ಮತ್ತೆ ಮಾಡಬೇಡಿ.

ಈಗ ಅಳತೆ ಹೇಳುತ್ತೇನೆ. ಮಿಠಾಯಿಯನ್ನು ಹೆಪ್ಪುಗಟ್ಟಿಸುವ ಜೆಲಟಿನ್ ಪುಡಿ 20 ಗ್ರಾಂ. ಅದನ್ನು ನೆನೆಸಲು ಪೂರ್ತಿ ತಣ್ಣಗಾದ ಗಟ್ಟಿ ಡಿಕಾಕ್ಷನ್ 75 ಮಿ.ಲೀ.; ಸಕ್ಕರೆ 300 ಗ್ರಾಂ, ಲಿಕ್ವಿಡ್ ಗ್ಲೂಕೋಸ್ 150 ಗ್ರಾಂ, ನೀರು 100 ಮಿ.ಲೀ., ಚಿಟಿಕೆ ಉಪ್ಪು. ಕೊನೆಯಲ್ಲಿ ರಮ್ 45 ಮಿ.ಲೀ. ಸಾಮಾನ್ಯವಾಗಿ ಇಷ್ಟು ಜೆಲಟಿನ್ನಿಗೆ 120 ಮಿ.ಲೀ. ನೀರು ಹಾಕುತ್ತಾರೆ. ನಾನು ಡಿಕಾಕ್ಷನ್ನನ್ನು 75ಕ್ಕೆ ಇಳಿಸಿ ರಮ್ಮಿಗೆ 45 ಮಿ.ಲೀ. ಜಾಗ ಬಿಟ್ಟಿದ್ದೇನೆ ಎಂಬುದನ್ನು ಗಮನಿಸಿ. ಮದ್ಯವನ್ನು ಎಲ್ಲಕ್ಕೂ ಮೇಲೆ ಚಿಮುಕಿಸುವ ಪನ್ನೀರಿನಂತೆ ಕಾಣದೆ, ಪಾತ್ರೆಗೆ ಬೀಳುವ ದ್ರವದ ಲೆಕ್ಕದೊಳಗೇ ಸೇರಿಸಬೇಕು. ಲೆಕ್ಕಕ್ಕೆ ಸಿಗದೆ ಬಿದ್ದ ಎರಡು ಚಮಚ ಸಾಕು, ನೊರೆ ಕುಸಿದು ಅಂಟಂಟಾಗುತ್ತದೆ.

ಲಿಕ್ವಿಡ್ ಗ್ಲೂಕೋಸ್ ಕೇಕಿನ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಪಾಕದ ಸಕ್ಕರೆ ಮತ್ತೆ ಹರಳುಗಟ್ಟದಂತೆ ತಡೆಯುವುದು ಅದರ ಕೆಲಸ. ಡಿಕಾಕ್ಷನ್ನಿನ ಮೇಲೆ ಜೆಲಟಿನ್ ಪುಡಿಯನ್ನು ಉದುರಿಸಿ ಹತ್ತು ನಿಮಿಷ ಬಿಟ್ಟರೆ ಅದು ಹೀರಿಕೊಂಡು ಉಬ್ಬುತ್ತದೆ. ಜೆಲಟಿನ್ನನ್ನು ಪ್ರತ್ಯೇಕವಾಗಿ ಕುದಿಸಬಾರದು, ಕುದಿಸಿದರೆ ಅದರ ಹಿಡಿತ ತಗ್ಗುತ್ತದೆ. ಪಾಕ ಬಂದ ಕೂಡಲೇ ಒಲೆ ಆರಿಸಿ, ಕುದಿ ನಿಂತ ಮೇಲೆ, ಎಲೆಕ್ಟ್ರಿಕ್ ಬೀಟರನ್ನು ಸಣ್ಣ ವೇಗದಲ್ಲಿ ಓಡಿಸುತ್ತ ಪಾಕವನ್ನು ಪಾತ್ರೆಯ ಅಂಚಿನಿಂದ ಸಣ್ಣ ಧಾರೆಯಾಗಿ ಜೆಲಟಿನ್ನಿಗೆ ಬಿಡಿ. ಮಕ್ಕಳನ್ನು ಈ ಹೊತ್ತಿನಲ್ಲಿ ಹೊರಗೆ ಕಳಿಸಿ. ಮೈಗೆ ಅಂಟಿದ ಪಾಕ ಬಿಸಿನೀರಿನಂತೆ ಜಾರಿ ಹೋಗುವುದಿಲ್ಲ. ವೇಗ ಹೆಚ್ಚಿಸಿದ ಮೇಲೆ ಮೊದಲು ಕಂದು ನೀರಿನಂತಿದ್ದದ್ದು ನಾಲ್ಕೈದು ನಿಮಿಷಕ್ಕೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ, ಎಂಟು ಹತ್ತು ನಿಮಿಷಕ್ಕೆ ದಪ್ಪಗಾಗಿ ಬೀಟರಿನ ಹಿಂದೆ ಗೆರೆ ಉಳಿಯತೊಡಗುತ್ತದೆ. ಆಗ ಪಾತ್ರೆಯ ತಳಕ್ಕೆ ಅಂಗೈ ಒತ್ತಿ ನೋಡಿ. ಮಗುವಿನ ಸ್ನಾನದ ನೀರಿನಷ್ಟು ಬೆಚ್ಚಗಿದ್ದರೆ, ಅದೇ ರಮ್ ಸೇರಿಸುವ ಹೊತ್ತು. ಒಂದೊಂದೇ ಚಮಚ ಹಾಕುತ್ತ, ಇನ್ನೆರಡು ನಿಮಿಷ ಹೊಡೆಯಿರಿ.

ಎಣ್ಣೆ ಸವರಿದ ಎಂಟು ಇಂಚಿನ ಚೌಕ ಟ್ರೇಗೆ ಸುರಿದು, ಮೇಲೆ ಕಾರ್ನ್‌ಫ್ಲೋರ್ ಮತ್ತು ಸಕ್ಕರೆ ಪುಡಿಯನ್ನು ಸಮ ಬೆರೆಸಿ ಜರಡಿಯಾಡಿಸಿ ರಾತ್ರಿಯಿಡೀ ಬಿಡಿ. ಕಾರ್ನ್‌ಫ್ಲೋರನ್ನು ಮೊದಲು ಸಣ್ಣ ಉರಿಯಲ್ಲಿ ಬಣ್ಣ ಬಾರದಂತೆ ಹುರಿದುಕೊಂಡರೆ ಹಸಿ ವಾಸನೆ ಇರುವುದಿಲ್ಲ. ಹಬ್ಬಕ್ಕೆ ಮೊಟ್ಟೆಯ ಆಕಾರವೇ ಬೇಕೆಂದರೆ ಅಚ್ಚು ಕೊಳ್ಳಬೇಕಾಗಿಲ್ಲ: ಅಗಲವಾದ ಟ್ರೇನಲ್ಲಿ ಕಾರ್ನ್‌ಫ್ಲೋರನ್ನು ಎರಡು ಬೆರಳು ದಪ್ಪ ಹರಡಿ, ತೊಳೆದು ಬೇಯಿಸಿ ಒರೆಸಿದ ನಾಟಿಕೋಳಿ ಮೊಟ್ಟೆಯನ್ನು ಅಡ್ಡಲಾಗಿ ಅರ್ಧ ಒತ್ತಿ ತೆಗೆದರೆ ಚೆಂದದ ಗುಳಿ ಬೀಳುತ್ತದೆ. ಆ ಗುಳಿಗೆ ನೊರೆಯನ್ನು ಕೋನಿನಿಂದ ತುಂಬಿ. ಮಿಠಾಯಿ ಕಾರ್ಖಾನೆಗಳು ಯಂತ್ರದಿಂದ ಮಾಡುವುದೂ ಇದನ್ನೇ. ಅಮೆರಿಕದಲ್ಲಿ ಈಸ್ಟರ್ ಬಂತೆಂದರೆ ಕೋಳಿಮರಿ ಆಕಾರದ ‘ಪೀಪ್ಸ್’ ಎಂಬ ಮಾರ್ಷ್‌ಮ್ಯಾಲೋ ಮನೆಮನೆಗೆ ಬರುತ್ತದೆ. 1953ರಲ್ಲಿ ಜಸ್ಟ್ ಬಾರ್ನ್ ಕಂಪನಿ ಅದರ ತಯಾರಿಕೆಯನ್ನು ಕೊಂಡುಕೊಂಡಾಗ, ಕೈಯಲ್ಲಿ ಹಿಂಡಿ ಮಾಡುತ್ತಿದ್ದ ಒಂದು ಮರಿ ಮುಗಿಯಲು 27 ಗಂಟೆ ಹಿಡಿಯುತ್ತಿತ್ತಂತೆ. ನಿಮಗೆ ಒಂದು ರಾತ್ರಿ ಸಾಕು.

ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವ ಭಾನುವಾರಕ್ಕಾದರೂ ಬೀಳುತ್ತದೆ, ನಮ್ಮ ಕಡೆ ಕಾಫಿಗೆ ಹೂಮಳೆ ಕಾಯುವ ಕಾಲವೂ ಹೆಚ್ಚುಕಡಿಮೆ ಅದೇ. ತೋಟಕ್ಕೆ ಒಳ್ಳೆಯದಾದ ಆ ಮಳೆ ಮಾರ್ಷ್‌ಮ್ಯಾಲೋಗೆ ಶತ್ರು, ಏಕೆಂದರೆ ಸಕ್ಕರೆ ಗಾಳಿಯ ತೇವವನ್ನು ಎಳೆದುಕೊಂಡು ಬೆವರುತ್ತದೆ. ಮಳೆ ಬಂದ ದಿನ ಕತ್ತರಿಸಬೇಡಿ. ಕತ್ತರಿಸಿದ ತುಂಡುಗಳ ಆರೂ ಮುಖಕ್ಕೆ ಹಿಟ್ಟು ಹಿಡಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಫ್ರಿಜ್ಜಿನಲ್ಲಿ ಬೇಡ.

ಪ್ರಶ್ನೆ: ನಮ್ಮ ಮನೆಯಲ್ಲಿ ಕ್ರಿಸ್‌ಮಸ್‌ಗೆ ಹಾಕಿದ ಅನಾನಸ್ ವೈನ್ ಉಳಿದಿತ್ತು. ರಮ್ ಬದಲು ಅದರಲ್ಲೇ ಜೆಲಟಿನ್ ನೆನೆಸಿ ಮಾಡಿದ ಮಾರ್ಷ್‌ಮ್ಯಾಲೋ ಎರಡು ದಿನವಾದರೂ ಗಟ್ಟಿಯಾಗದೆ ಗಂಜಿಯಂತೆಯೇ ಉಳಿಯಿತು. ಜೆಲಟಿನ್ ಹಳೆಯದಾಗಿತ್ತೇ?
— ಓದುಗರು, ಸಕಲೇಶಪುರ

ಉತ್ತರ: ಜೆಲಟಿನ್ನಿನ ತಪ್ಪಲ್ಲ, ಅನಾನಸ್ಸಿನದು. ಹಸಿ ಅನಾನಸ್ಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ. ಹಣ್ಣು ಹೆಚ್ಚು ತಿಂದಾಗ ನಾಲಿಗೆ ಉರಿಯುವುದರಲ್ಲೂ ಅದರ ಪಾಲಿದೆ. ಅದು ಪ್ರೋಟೀನನ್ನು ಕತ್ತರಿಸಿ ಹಾಕುತ್ತದೆ, ಜೆಲಟಿನ್ ಎನ್ನುವುದು ಪ್ರೋಟೀನೇ. ಹಣ್ಣನ್ನು ಕುದಿಸದೆ ಹಾಗೇ ಹುಳಿ ಬರಿಸಿದ ವೈನಿನಲ್ಲಿ ಈ ಕಿಣ್ವ ಜೀವಂತವಾಗಿ ಉಳಿದಿರಬಹುದು. ಪರಂಗಿ, ಕಿವಿ, ಅಂಜೂರ ಇವೂ ಇದೇ ಗುಂಪಿನವು, ಹಸಿ ಶುಂಠಿಯೂ ಸೇರಿ. ಮಾಂಸ ಮೆತ್ತಗಾಗಲೆಂದು ನಮ್ಮವರು ಪರಂಗಿಕಾಯಿ ಹಾಕುವುದು ಇದೇ ಗುಣಕ್ಕಾಗಿ. ವೈನನ್ನು ಕುದಿಸಿದರೆ ಕಿಣ್ವ ಸಾಯುತ್ತದೆ, ಜೊತೆಗೆ ಆಲ್ಕೋಹಾಲಿನ ಬಹುಪಾಲೂ ಹೋಗುತ್ತದೆ. ದ್ರಾಕ್ಷಿ ವೈನಿಗೆ ಈ ತೊಂದರೆಯಿಲ್ಲ: 150 ಮಿ.ಲೀ. ವೈನನ್ನು ಸಣ್ಣ ಉರಿಯಲ್ಲಿ ಅರ್ಧಕ್ಕಿಳಿಸಿ, ಆರಿಸಿ, ಅದರಲ್ಲಿ ಜೆಲಟಿನ್ ನೆನೆಸಿ, ಕೊನೆಗೆ ಬ್ರಾಂದಿ 45 ಮಿ.ಲೀ. ಸೇರಿಸಿದರೆ ಬಣ್ಣವೂ ರುಚಿಯೂ ಎರಡೂ ಬರುತ್ತವೆ.

ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದೂ ಮಾರುವುದೂ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ ಎಂಬುದನ್ನು ಈ ಅಂಕಣದಲ್ಲಿ ಬರೆಯದೆ ಇರಲಾರೆ. ಭಟ್ಟಿ ಸಾರಾಯಿಯನ್ನಂತೂ ಯಾವ ತಿನಿಸಿಗೂ ತರಬೇಡಿ. ಅದರಲ್ಲಿ ಮೆಥನಾಲ್ ಇದ್ದರೆ ಸಕ್ಕರೆಯೂ ಕಾಫಿಯೂ ಅದನ್ನು ರುಚಿಯಿಂದ ಮರೆಮಾಡುತ್ತವೆಯೇ ಹೊರತು ವಿಷವನ್ನು ಕಳೆಯುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ಮಾಡುವಷ್ಟು ವ್ಯವಧಾನವಿಲ್ಲ. ಅಂಗಡಿಯಿಂದ ತಂದ ಮಾರ್ಷ್‌ಮ್ಯಾಲೋವನ್ನು ರಮ್ಮಿನಲ್ಲಿ ನೆನೆಸಿಟ್ಟರೆ ಆಗುವುದಿಲ್ಲವೇ?
— ಓದುಗರು, ಹಾಸನ

ಉತ್ತರ: ಆಗುವುದಿಲ್ಲ. ಮಾರ್ಷ್‌ಮ್ಯಾಲೋ ಜಾಮೂನಿನಂತೆ ಹೀರಿಕೊಳ್ಳುವ ಜಾತಿಯದಲ್ಲ. ಅದರ ಗಾಳಿಗುಳ್ಳೆಗಳು ಒಂದಕ್ಕೊಂದು ತೆರೆದಿರದೆ ಮುಚ್ಚಿಕೊಂಡಿರುವುದರಿಂದ ಮದ್ಯ ಒಳಗಿಳಿಯದೆ ಹೊರಮೈ ಮಾತ್ರ ಕರಗಿ ಲೋಳೆಯಾಗುತ್ತದೆ. ತೀರಾ ಬೇಕಿದ್ದರೆ ಬ್ರಷ್ಷಿನಿಂದ ತೆಳ್ಳಗೆ ಸವರಿ, ಕರಗಿಸಿದ ಚಾಕೊಲೇಟಿನಲ್ಲಿ ಅದ್ದಿ, ಅದೇ ದಿನ ತಿಂದುಬಿಡಿ. ಲೋಳೆ ಎಂದಾಗ ನೆನಪಾಯಿತು: ಹೆಸರಿಗೆ ಕಾರಣವಾದ ಮಾರ್ಷ್‌ಮ್ಯಾಲೋ ಗಿಡ ನಮ್ಮ ದಾಸವಾಳ ಮತ್ತು ಬೆಂಡೆಯ ಕುಟುಂಬದ್ದೇ, ಹಿಂದೆ ಅದರ ಬೇರಿನ ಲೋಳೆಯಿಂದಲೇ ಈ ಮಿಠಾಯಿ ಮಾಡುತ್ತಿದ್ದರು. ಆಲೆಮನೆಯಲ್ಲಿ ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡೆಗಿಡದ ಲೋಳೆ ಬಿಡುವುದನ್ನು ನೋಡಿದವರಿಗೆ ಇದು ವಿಚಿತ್ರವೆನಿಸದು.

ಪ್ರಶ್ನೆ: ನಮ್ಮದು ಚಿಕ್ಕ ಹೋಂಸ್ಟೇ. ಈಸ್ಟರ್ ರಜೆಗೆ ಬರುವವರಿಗೆ ರಾತ್ರಿ ಬೆಂಕಿಯ ಸುತ್ತ ರಮ್ ಮಾರ್ಷ್‌ಮ್ಯಾಲೋ ಸುಟ್ಟು ಕೊಡುವ ಆಲೋಚನೆಯಿದೆ. ಸುಟ್ಟ ಮೇಲೆ ಆಲ್ಕೋಹಾಲ್ ಹೋಗಿಬಿಡುತ್ತದಲ್ಲವೇ, ಮಕ್ಕಳಿಗೂ ಕೊಡಬಹುದೇ? ಸಸ್ಯಾಹಾರಿಗಳೂ ಬರುತ್ತಾರೆ.
— ಓದುಗರು, ಮೂಡಿಗೆರೆ

ಉತ್ತರ: ಕೊಡಬಾರದು. ಮದ್ಯ ಸುರಿದು ಉರಿ ಹಚ್ಚಿದ ಖಾದ್ಯದಲ್ಲೂ ಸುಮಾರು ಮುಕ್ಕಾಲು ಪಾಲು ಆಲ್ಕೋಹಾಲ್ ಉಳಿಯುತ್ತದೆ; ಕೆಂಡದ ಮೇಲೆ ಅರ್ಧ ನಿಮಿಷ ಹಿಡಿದ ಮಾರ್ಷ್‌ಮ್ಯಾಲೋದ ಹೊರಪದರ ಕರಟಿದರೂ ಒಳಗೆ ರಮ್ ಇದ್ದ ಹಾಗೇ ಇರುತ್ತದೆ. ಮೇಲಿನ ಅಳತೆಯನ್ನು 36 ತುಂಡು ಮಾಡಿದರೆ ಹನ್ನೆರಡು ತುಂಡಿಗೆ 15 ಮಿ.ಲೀ., ಅಂದರೆ ಅರ್ಧ ಪೆಗ್ ರಮ್ ಆಗುತ್ತದೆ. ದೊಡ್ಡವರಿಗೆ ಇದು ಏನೂ ಅಲ್ಲದಿರಬಹುದು, ಆದರೆ ಮಕ್ಕಳು ಮಿಠಾಯಿಯನ್ನು ಎಣಿಸಿ ತಿನ್ನುವುದಿಲ್ಲ. ಮೊಟ್ಟೆಯಾಕಾರದ್ದಾದರೆ ಇನ್ನೂ ಕಷ್ಟ, ಈಸ್ಟರ್ ಮೊಟ್ಟೆ ತಮ್ಮದೇ ಎಂದು ಅವರು ತಿಳಿದಿರುತ್ತಾರೆ. ಮಕ್ಕಳ ಪಾಲನ್ನು ಡಿಕಾಕ್ಷನ್ ಮತ್ತು ರಮ್ ಎರಡರ ಬದಲೂ ಅಷ್ಟೇ ನೀರು ಮತ್ತು ಏಲಕ್ಕಿ ಹಾಕಿ ಬೇರೆ ದಿನ ಮಾಡಿ, ಬಿಳಿಯ ಮೊಟ್ಟೆಗಳಾಗಿಸಿ. ದೊಡ್ಡವರದನ್ನು ಕಂದು ಬಣ್ಣದ ಚೌಕಗಳಾಗಿಯೇ ಉಳಿಸಿ, ಬೇರೆ ಡಬ್ಬಿಯಲ್ಲಿ ಮೇಲಿನ ಅಟ್ಟದ ಮೇಲಿಡಿ. ಬಿಲ್ಲಿಗೆ ಸೇರಿಸಿ ಮಾರುವ ಯೋಚನೆಯಿದ್ದರೆ ಮೊದಲು ಅಬಕಾರಿ ಕಚೇರಿಯಲ್ಲಿ ವಿಚಾರಿಸಿ.

ಜೆಲಟಿನ್ ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ತೆಗೆದದ್ದು, ಆದ್ದರಿಂದ ಸಸ್ಯಾಹಾರಿ ಅತಿಥಿಗಳಿಗೆ ಕೇಳದೆ ಬಡಿಸಬೇಡಿ. ಹಂದಿಯದೋ ದನದ್ದೋ ಎಂದು ಕೇಳುವವರೂ ಇರುತ್ತಾರೆ, ಪೊಟ್ಟಣವನ್ನು ಎಸೆಯದೆ ಇಟ್ಟುಕೊಂಡಿರಿ. ಚೀನಾಗ್ರಾಸ್ ಎಂದು ಅಂಗಡಿಯಲ್ಲಿ ಸಿಗುವ ಅಗರ್ ಕಡಲ ಪಾಚಿಯಿಂದ ಬಂದದ್ದು. ಅದನ್ನು ಜೆಲಟಿನ್ನಿನಂತೆ ನೆನೆಸಿ ಬಿಟ್ಟರಾಗದು, ನೀರಿನಲ್ಲಿ ಪೂರ್ತಿ ಕರಗುವವರೆಗೆ ಕುದಿಸಬೇಕು. 40 ಡಿಗ್ರಿಗಿಂತ ಕೆಳಗಿಳಿಯುತ್ತಿದ್ದಂತೆಯೇ ಅದು ಹೆಪ್ಪುಗಟ್ಟುವುದರಿಂದ ರಮ್ಮನ್ನು ಸ್ವಲ್ಪ ಬೇಗನೆ, ಪಾತ್ರೆ ಇನ್ನೂ ಬಿಸಿಯಿರುವಾಗಲೇ ಸೇರಿಸಬೇಕಾಗುತ್ತದೆ. ಬಾಯಲ್ಲಿ ಅದು ಎಳೆದಂತೆ ಹಿಗ್ಗದೆ ಮುರಿದು ಕರಗುತ್ತದೆ. ಬೆಂಕಿಗೆ ಹಿಡಿದರೆ ಕಡ್ಡಿಯಿಂದ ಜಾರಿ ಕೆಂಡಕ್ಕೆ ಬೀಳುವ ಸಂಭವ ಹೆಚ್ಚು, ಆದ್ದರಿಂದ ಅವರಿಗೆ ಸುಡದೆ ತಟ್ಟೆಯಲ್ಲೇ ಕೊಡಿ.